ತ್ರಿವೇಣಿ ಕಾದಂಬರಿ ಓದಿ ಯೂಟ್ಯೂಬಿಗೆ ಹಾಕಬಹುದಾ?

ತಿಪಟೂರು ಟೀಚರ್:

ನಮಸ್ಕಾರ. ನಾನು ರಿಟೈರಾದ ಕನ್ನಡ ಟೀಚರ್. ಅಮ್ಮನಿಗೆ 86. ಗ್ಲಾಕೋಮಾ ಆಗಿ ಕಣ್ಣು ಪೂರ್ತಿ ಮಂಜು. ವಾರಪತ್ರಿಕೆಯ ಧಾರಾವಾಹಿ ಒಂದೂ ಬಿಡದೆ ಓದುತ್ತಿದ್ದವಳು ಈಗ ಸುಮ್ನೆ ಕೂರುತ್ತಾಳೆ. ಅದಕ್ಕೇ ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ತ್ರಿವೇಣಿಯವರ ‘ಬೆಳ್ಳಿ ಮೋಡ’ ಓದಿ ಹೇಳುತ್ತಿದ್ದೆ. ಮಗ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ. ಸದ್ದು ಬರಬಾರದು ಅಂತ ಏಪ್ರಿಲ್ ಸೆಕೆಯಲ್ಲೂ ಫ್ಯಾನ್ ಆರಿಸಿ ಓದಿದ್ದೇನೆ!

ಏಳು ಅಧ್ಯಾಯ ಆಗಿತ್ತು. ಯಾರೋ ಬಂದು “ಕಾಪಿರೈಟ್ ಇದೆ, ತೆಗೆಯದಿದ್ದರೆ ಕೇಸ್” ಅಂತ ಕಾಮೆಂಟ್ ಹಾಕಿದರು. ಹೆದರಿ ಎಲ್ಲವನ್ನೂ ಪ್ರೈವೇಟ್ ಮಾಡಿದೆ. ನನ್ನ ಹತ್ತಿರ ರಟ್ಟು ಕಿತ್ತುಹೋದ ಹಳೇ ಪ್ರತಿ ಒಂದಿದೆ, ಈಚೆಗೆ ಕೊಂಡ ಹೊಸದೊಂದಿದೆ. ಹೊಸದರಲ್ಲಿ ‘ಹಕ್ಕುಗಳನ್ನು ಕಾಯ್ದಿರಿಸಿದೆ’ ಅಂತ ಅಚ್ಚಾಗಿದೆ. ಅದರ ಮುಖಪುಟದ ಫೋಟೋ ವಿಡಿಯೋದಲ್ಲಿದೆ. ಶುರುವಿನಲ್ಲಿ ಇದೇ ಕಾದಂಬರಿಯ ಸಿನಿಮಾದ ‘ಮೂಡಲ ಮನೆಯ’ ಹಾಡನ್ನೂ ಇಪ್ಪತ್ತು ಸೆಕೆಂಡ್ ಹಾಕಿದ್ದಾನೆ. ಏನು ಮಾಡಲಿ?

ಹಳೇ ಪುಟ:

ಮೇಡಂ, ಕಾದಂಬರಿ ಧೈರ್ಯವಾಗಿ ಓದಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ಜನವರಿ 1ರಿಂದ 60 ವರ್ಷ ಎಣಿಸಬೇಕು. ತ್ರಿವೇಣಿಯವರು ಹೋಗಿದ್ದು 1963ರ ಜುಲೈನಲ್ಲಿ. ಹಾಗಾಗಿ 2023ರ ಡಿಸೆಂಬರ್ 31ಕ್ಕೆ ಅವಧಿ ಮುಗಿಯಿತು. ಗೋವಿಂದ ಪೈಗಳೂ ಅದೇ ವರ್ಷ ಹೋದವರು, ಅವರ ಬರಹಗಳೂ ಒಟ್ಟಿಗೇ ಬಿಡುಗಡೆಯಾದವು. ಮರುವರ್ಷ ಆಲೂರು ವೆಂಕಟರಾಯರ ಸರದಿ. ಡಿವಿಜಿಯವರಿಗೆ ಮಾತ್ರ 2036ರವರೆಗೆ ಕಾಯಬೇಕು.

ಮೊದಲು ಇದು 50 ವರ್ಷ ಇತ್ತು. ಟಾಗೋರರ ಅವಧಿ 1991ಕ್ಕೆ ಮುಗಿಯಬೇಕಿದ್ದಾಗ, ಅವರ ಪುಸ್ತಕಗಳ ಹಕ್ಕಿದ್ದ ವಿಶ್ವಭಾರತಿಯ ಕೈತಪ್ಪದಿರಲಿ ಅಂತ 1992ರಲ್ಲಿ ಕಾನೂನನ್ನೇ ತಿದ್ದಿ 60 ಮಾಡಿದರು. ಯಾರದೋ ಪುಸ್ತಕಕ್ಕಾಗಿ ನಮ್ಮ ತ್ರಿವೇಣಿ ಹತ್ತು ವರ್ಷ ಕಾದರು ನೋಡಿ. ನನಗಂತೂ ಈಗಲೂ ಸಿಟ್ಟಿದೆ.

ಹೊಸ ಪ್ರತಿಯಲ್ಲಿ ಅಚ್ಚಾದ ಆ ಸಾಲಿಗೆ ಹಳೇ ಕಥೆಯನ್ನು ಮತ್ತೆ ಬೀಗ ಹಾಕುವ ಶಕ್ತಿ ಇಲ್ಲ. ಆದರೆ ಮುನ್ನುಡಿ, ಮುಖಪುಟದ ಚಿತ್ರ ಬೇರೆಯವರದು. ಅವನ್ನು ತೆಗೆದುಬಿಡಿ. ಆ ರಟ್ಟಿಲ್ಲದ ಪ್ರತಿಯಿಂದಲೇ ಓದಿ.

ಧಾರವಾಡದ ಕರಿಕೋಟು:

ಮೇಲಿನವರು ಹೇಳಿದ್ದು ಸರಿ. ಹಾಡಿನದು ಬೇರೆ ಕಥೆ. ಸಿನಿಮಾ ಬಂದಿದ್ದು 1967ರಲ್ಲಿ. ಸಿನಿಮಾಕ್ಕೂ ಧ್ವನಿಮುದ್ರಣಕ್ಕೂ ಬಿಡುಗಡೆಯಿಂದ 60 ವರ್ಷ, ಅಂದರೆ 2027ರ ಕೊನೆಯವರೆಗೆ. ಆಮೇಲಾದರೂ ಹಾಡು ಬಳಸಬಹುದು ಅಂದುಕೊಳ್ಳಬೇಡಿ. ಪದ ಬೇಂದ್ರೆಯವರದು. ಅವರು ಹೋಗಿದ್ದು 1981ರಲ್ಲಿ, ಆ ಪದ 2042ಕ್ಕೆ ಎಲ್ಲರದಾಗುತ್ತದೆ. ರಾಗಕ್ಕೆ ಇನ್ನೊಂದು ಲೆಕ್ಕ. ಇಪ್ಪತ್ತೇ ಸೆಕೆಂಡ್ ಅಂದರೆ ತೊಂದರೆಯಿಲ್ಲ ಅನ್ನುವ ನಿಯಮವೂ ಎಲ್ಲೂ ಇಲ್ಲ. ತೆಗೆದುಬಿಡಿ.

ಲೇಖಕಿಯ ಹೆಸರು ಬಿಡಬೇಡಿ, ಕಥೆ ತಿರುಚಬೇಡಿ. ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಈ ವಿಷಯಕ್ಕೆ ಲೇಖಕಿಯ ಮನೆಯವರು ಕೇಳಬಹುದು. ಅಂದಹಾಗೆ, ನೀವು ಓದಿ, ಮಗ ಮಾಡಿದ ರೆಕಾರ್ಡಿಂಗಿನ ಹಕ್ಕು ನಿಮ್ಮಿಬ್ಬರದೇ.

ಸ್ಯಾನ್ ಹೋಸೆ ಸೊಸೆ:

ಟೀಚರ್, ಒಂದು ತಕರಾರು. ಅಮೆರಿಕದಲ್ಲಿ ಲೆಕ್ಕ ಬೇರೆ. 1996ರ ಜನವರಿ 1ಕ್ಕೆ ಭಾರತದಲ್ಲಿ ಕಾಪಿರೈಟ್ ಇದ್ದ ಹಳೇ ಪುಸ್ತಕಗಳಿಗೆ ಇಲ್ಲಿ ಅಚ್ಚಾದ ವರ್ಷದಿಂದ 95 ವರ್ಷ. ಉದಾಹರಣೆಗೆ, 1960ರ ಪುಸ್ತಕ ಅಂದರೆ 2055ರ ಕೊನೆಯವರೆಗೆ! ಅಲ್ಲಿ ಮುಗಿದರೆ ಇಲ್ಲೂ ಮುಗಿಯಿತು ಅಂತ ಇವರು ಒಪ್ಪುವುದಿಲ್ಲ. ಯೂಟ್ಯೂಬ್ ಇಲ್ಲಿಯ ಕಂಪನಿ. ಹಕ್ಕಿದ್ದವರು ಇಲ್ಲಿಯ ಕಾನೂನಿನ ಪ್ರಕಾರ ದೂರು ಕೊಟ್ಟರೆ ವಿಡಿಯೋ ಹೋಗಬಹುದು. ಆಡಿಯೋ ಫೈಲ್ ಮಾತ್ರ ಜೋಪಾನ.

ತಿಪಟೂರು ಟೀಚರ್:

ಎಲ್ಲರಿಗೂ ಥ್ಯಾಂಕ್ಸ್. ಮುಖಪುಟ ತೆಗೆಸಿ, ಹಾಳೆಯ ಮೇಲೆ ನಾನೇ ಹೆಸರು ಬರೆದು ಫೋಟೋ ಹಾಕಿಸಿದೆ. ಅಕ್ಷರ ಕರಿಹಲಗೆಯದ್ದೇ, ಮಗ ನಗುತ್ತಾನೆ. ಆಡಿಯೋ ಪೆನ್‌ಡ್ರೈವಿಗೂ ಹಾಕಿಸಿದ್ದೇನೆ. ಹಾಡು ತೆಗೆದದ್ದಕ್ಕೆ ಅಮ್ಮ ರಗಳೆ ಮಾಡಿದಳು. 2042ರಲ್ಲಿ ಪದ ಎಲ್ಲರದಾಗುತ್ತಂತೆ ಅಂದೆ. ಬೆರಳು ಮಡಚಿ ಎಣಿಸಿ, “ಅಷ್ಟರವರೆಗೆ ನಾನೇ ಹೇಳಿಕೊಳ್ತೀನಿ ಬಿಡು” ಅಂದು ಗೋಡೆ ಕಡೆ ತಿರುಗಿ ಶುರು ಮಾಡಿದಳು. ಮಗನಿಗೆ ಫೋನ್ ಒಳಗಿಡು ಅಂದೆ.