ಕುಸಿದು ಬಿದ್ದವರು ಗೊರಕೆ ಹೊಡೆಯುತ್ತಿದ್ದರೆ? ಸಿಪಿಆರ್ ಬಗ್ಗೆ ಡಾಕ್ಟರಿಗೆ ಕೇಳಿ

ಡಾಕ್ಟರ್: ನಮಸ್ಕಾರ. ನಾನು ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದೇನೆ. ಸಿಪಿಆರ್ ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ, ಉಸಿರು ಕೊಟ್ಟು ಮಾಡುವ ಪ್ರಥಮ ಚಿಕಿತ್ಸೆ. ಅದರ ಬಗ್ಗೆ ಕೇಳಿ, ಬಿಡುವಾದಂತೆ ಉತ್ತರಿಸುತ್ತೇನೆ.

ಶಿಕ್ಷಕ: ಮೇಡಂ, ಎದೆ ಎಲ್ಲಿ ಒತ್ತಬೇಕು? ಹೃದಯ ಎಡಕ್ಕಲ್ವಾ ಇರೋದು?

ಡಾಕ್ಟರ್: ಎಡಕ್ಕಲ್ಲ, ಎದೆಯ ನಡುವೆ ಒತ್ತಬೇಕು. ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸದೆ ಮೈಭಾರ ಬಿಟ್ಟು ಒತ್ತಿ. ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲಿ, ಹೃದಯಕ್ಕೆ ರಕ್ತ ತುಂಬುವುದು ಆಗಲೇ. ಮೆತ್ತನೆ ಹಾಸಿಗೆ ಮೇಲಿದ್ದರೆ ನೆಲಕ್ಕೆ ಇಳಿಸಿ.

ಕಾಲೇಜು ವಿದ್ಯಾರ್ಥಿ: ಪಕ್ಕೆಲುಬು ಮುರಿದರೆ?

ಡಾಕ್ಟರ್: ಮುರಿಯಬಹುದು. ಕೂಡಿಕೊಳ್ಳುತ್ತದೆ. ಒತ್ತುವುದು ನಿಲ್ಲಿಸಬೇಡಿ.

ಹೊಸ ಸದಸ್ಯೆ: ಮೇಡಂ, ನಮ್ಮ ಮಾವ ಊಟ ಮುಗಿಸಿ ಎದ್ದವರು ಕುಸಿದು ಬಿದ್ದರು. ಮೊದಲು ಕೈಕಾಲು ಅದುರಿತು, ಫಿಟ್ಸ್ ಅಂದ್ಕೊಂಡ್ವಿ. ಆಮೇಲೆ ಗೊರಕೆ ಥರ ಸದ್ದು, ಆಗಾಗ ಬಾಯಿ ತೆರೀತಿದ್ರು. ಉಸಿರಿದೆಯಲ್ಲ ಅಂತ ಕೂರಿಸಿ, ಬಾಯಿಗೆ ನೀರು ಹಾಕಿ, ಆಂಬುಲೆನ್ಸ್‌ಗೆ ಕಾದ್ವಿ. ಅದು ಬರೋ ಹೊತ್ತಿಗೆ ಹೋಗಿಬಿಟ್ಟಿದ್ರು. ಉಸಿರಾಡ್ತಿದ್ದವರು ಹೇಗೆ ಹೋದ್ರು?

ಡಾಕ್ಟರ್: ಓದಿ ತುಂಬಾ ಬೇಸರವಾಯಿತು. ಇದಕ್ಕೆ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಎಲ್ಲರೂ ಓದಿ.

ಅವರನ್ನು ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನೀವು ಹೇಳಿದ್ದೆಲ್ಲ ಹೃದಯ ನಿಂತಾಗ ಕಾಣುವ ಲಕ್ಷಣಗಳೇ. ಹೃದಯ ಥಟ್ಟನೆ ನಿಂತರೆ ಮೆದುಳಿಗೆ ರಕ್ತ ಹೋಗುವುದಿಲ್ಲ. ಆಗ ಮೈ ಫಿಟ್ಸ್ ಬಂದಂತೆ ಸ್ವಲ್ಪ ಹೊತ್ತು ಅದುರಬಹುದು. ಮೆದುಳಿನ ಬುಡದ ಭಾಗ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತಾ ಬಿಟ್ಟು ಬಿಟ್ಟು ಉಸಿರೆಳೆಸುತ್ತದೆ. ಗೊರಕೆ, ನರಳಿಕೆ, ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆಯುವುದು, ಇದೆಲ್ಲ ಮೇಲುಸಿರು. ಇದರಿಂದ ದೇಹಕ್ಕೆ ಬೇಕಾದಷ್ಟು ಗಾಳಿ ಸಿಗುವುದಿಲ್ಲ, ರಕ್ತವಂತೂ ಓಡುತ್ತಿರುವುದೇ ಇಲ್ಲ. ಮನೆಯವರು ಉಸಿರಿದೆ ಅಂತ ಕಾಯುವುದು ಈ ನಿಮಿಷಗಳಲ್ಲೇ. ಉಳಿಸಿಕೊಳ್ಳುವ ಅವಕಾಶ ಹೆಚ್ಚಿರುವುದೂ ಈ ನಿಮಿಷಗಳಲ್ಲೇ.

ನೋಡಬೇಕಾದ್ದು ಎರಡೇ. ಭುಜ ತಟ್ಟಿ ಜೋರಾಗಿ ಕೂಗಿದರೆ ಓಗೊಡುತ್ತಾರಾ? ಎದೆ ಒಂದೇ ಸಮನೆ ಏರಿಳಿಯುತ್ತಿದೆಯಾ? 10 ಸೆಕೆಂಡಿಗಿಂತ ಜಾಸ್ತಿ ನೋಡುತ್ತಾ ಕೂರಬೇಡಿ. ಎರಡೂ ಇಲ್ಲ ಅಂದರೆ, ಅಥವಾ ಅನುಮಾನ ಬಂದರೂ, ಒತ್ತಲು ಶುರು ಮಾಡಿ. ಆಂಬುಲೆನ್ಸ್‌ಗೆ ಮಾಡಿದ ಫೋನು ಸ್ಪೀಕರ್‌ನಲ್ಲಿ ಪಕ್ಕದಲ್ಲೇ ಇರಲಿ. ಹತ್ತಿರ ಎಲ್ಲಾದರೂ ಎಇಡಿ, ಅಂದರೆ ಹೃದಯದ ಬಡಿತ ನೋಡಿ ಬೇಕಿದ್ದರೆ ವಿದ್ಯುತ್ ಶಾಕ್ ಕೊಡುವ ಯಂತ್ರವಿದ್ದರೆ ಒಬ್ಬರು ಓಡಿಹೋಗಿ ತರಲಿ. ಯಂತ್ರವೇ ಮಾತಾಡಿ ಏನು ಮಾಡಬೇಕೆಂದು ಹೇಳುತ್ತದೆ, ಶಾಕ್ ಬೇಡವಾದವರಿಗೆ ಕೊಡುವುದಿಲ್ಲ. ಒತ್ತುವಾಗಲೂ ಮೇಲುಸಿರು ಬರಬಹುದು. ಅದನ್ನು ನೋಡಿ ನಿಲ್ಲಿಸಬೇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಬೇಡವೇ ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಿರಿಯ ಸದಸ್ಯ: ಎಲ್ಲರಿಗೂ ಉಪಯುಕ್ತ. ಒಬ್ಬರೇ ಇರುವಾಗ ಹಾರ್ಟ್ ಅಟ್ಯಾಕ್ ಆದರೆ ಗಟ್ಟಿಯಾಗಿ ಕೆಮ್ಮುತ್ತಿರಿ, ಜೀವ ಉಳಿಯುತ್ತದೆ. 10 ಜನಕ್ಕೆ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಹಾರ್ಟ್ ಅಟ್ಯಾಕ್ ಅಂದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು. ಕೆಮ್ಮಿದರೆ ಅದು ತೆರೆಯುವುದಿಲ್ಲ. ಹೃದಯವೇ ನಿಂತರೆ ಕೆಲವೇ ಸೆಕೆಂಡಲ್ಲಿ ಎಚ್ಚರ ತಪ್ಪುತ್ತದೆ, ಆಮೇಲೆ ಕೆಮ್ಮುವವರು ಯಾರು? ಎದೆನೋವು ಬಂದರೆ ಕೂತುಕೊಂಡು ಆಂಬುಲೆನ್ಸ್‌ಗೆ ಫೋನ್ ಮಾಡಿ.

ಹಿರಿಯ ಸದಸ್ಯ: ದೊಡ್ಡ ಡಾಕ್ಟರೇ ಬರೆದಿದ್ದು ಅಂತ ಇದೆ. ಮೆಣಸಿನ ಪುಡಿ ನೀರಿನದ್ದೂ ಇದೆ, ಹಾಕಲಾ?

ಡಾಕ್ಟರ್: ಬೇಡ. ಇಂಥದ್ದನ್ನು ನಂಬಿ ತಡಮಾಡಿ ಬಂದವರನ್ನು ನೋಡುವುದು ನಾವು.

ಜಿಮ್ ಟ್ರೈನರ್: ಒಂದು ವಿಷಯ. ಈಗ ಬಾಯಿಗೆ ಬಾಯಿಟ್ಟು ಉಸಿರು ಕೊಡೋದು ಇಲ್ಲವೇ ಇಲ್ಲ. ಅದು ಹಳೇ ಪದ್ಧತಿ.

ನರ್ಸ್: ಯಾರು ಹೇಳಿದ್ದು? 30 ಸಲ ಒತ್ತಿ 2 ಉಸಿರು. ನಮಗೆ ಪ್ರತಿ ಸಲ ಅದನ್ನೇ ಕಲಿಸ್ತಾರೆ.

ಜಿಮ್ ಟ್ರೈನರ್: ನಾನೂ ಸರ್ಟಿಫಿಕೇಟ್ ತಗೊಂಡಿದ್ದೀನಿ.

ನರ್ಸ್: ಹಾಗಾದ್ರೆ ಅರ್ಧ ಪಾಠ ಕೇಳಿ ಎದ್ದುಬಂದಿದ್ದೀರಿ.

ಜಿಮ್ ಟ್ರೈನರ್: ಮಾತು ನೆಟ್ಟಗಿರಲಿ ಮೇಡಂ.

ಒಬ್ಬ ತಾಯಿ: ಇಬ್ಬರೂ ಸ್ವಲ್ಪ ನಿಲ್ಲಿಸ್ತೀರಾ? ಮಗು ನೀರಲ್ಲಿ ಮುಳುಗಿದ್ರೆ ಹೊಟ್ಟೆ ಒತ್ತಿ ನೀರು ತೆಗೀಬೇಕಾ?

ಗೃಹಿಣಿ: ಕೈಗಡಿಯಾರದಲ್ಲಿ ಹೃದಯ ಬಡಿತ ತೋರಿಸ್ತದಲ್ಲ, ಅದನ್ನ ನಂಬಬಹುದಾ?

ಡಾಕ್ಟರ್: ಮೊದಲು ಆ ತಾಯಿಗೆ. ಹೊಟ್ಟೆ ಒತ್ತಬೇಡಿ, ತಲೆಕೆಳಗೆ ಹಿಡಿಯಬೇಡಿ. ಒಳಗಿದ್ದದ್ದು ವಾಂತಿಯಾಗಿ ಬಂದು ಶ್ವಾಸಕೋಶ ಸೇರುತ್ತದೆ. ಮುಳುಗಿದವರಿಗೆ ಮೊದಲು ನಿಂತಿದ್ದು ಉಸಿರು. ಆದ್ದರಿಂದ ಮೊದಲು ಉಸಿರು ಕೊಡಿ, ಆಮೇಲೆ ಎದೆ ಒತ್ತಿ. ಮಕ್ಕಳಿಗೆ ಎದೆಯ ಮೂರನೇ ಒಂದು ಭಾಗದಷ್ಟು ಆಳ, ಒಂದು ವರ್ಷದೊಳಗಿನ ಕೂಸಿಗೆ ಸುಮಾರು 4 ಸೆಂ.ಮೀ.

ಜಗಳಕ್ಕೂ ಉತ್ತರ ಇದರಲ್ಲೇ ಇದೆ. ದೊಡ್ಡವರು ಕಣ್ಣೆದುರೇ ಥಟ್ಟನೆ ಕುಸಿದರೆ, ಕಲಿಯದವರು ಬರೀ ಒತ್ತಿದರೂ ಸಾಕು. ರಕ್ತದಲ್ಲಿ ಇನ್ನೂ ಆಮ್ಲಜನಕ ಇರುತ್ತದೆ. ಕಲಿತವರು 30ಕ್ಕೆ 2 ಉಸಿರು ಕೊಡಲಿ. ಮಕ್ಕಳಿಗೆ, ಮುಳುಗಿದವರಿಗೆ ಉಸಿರು ಬೇಕೇ ಬೇಕು. "ಇಲ್ಲವೇ ಇಲ್ಲ" ಅಂತ ಬರೆಯಬೇಡಿ, ಅದನ್ನು ನಂಬುವವರಿದ್ದಾರೆ.

ಜಿಮ್ ಟ್ರೈನರ್: ನಾನು ದೊಡ್ಡವರ ಬಗ್ಗೆ ಹೇಳಿದ್ದು.

ನರ್ಸ್: ಹಾಗಂತ ಬರೆದಿರಲಿಲ್ಲ.

ಅಂಗಡಿಯವರು: ಡಾಕ್ಟ್ರೇ, ಒತ್ತಿದ್ರೆ ಪಕ್ಕೆಲುಬು ಮುರಿಯಲ್ವಾ?

ಡಾಕ್ಟರ್: ಮೇಲೆ ನೋಡಿ.

ಹೊಸ ಸದಸ್ಯೆ: ಮೇಡಂ, ಹಾಗಾದ್ರೆ ಅವತ್ತು ಒತ್ತಿದ್ದರೆ ಬದುಕ್ತಿದ್ರಾ?

ಡಾಕ್ಟರ್: ಅದನ್ನು ಯಾರೂ ಹೇಳಲಾರರು ತಂಗಿ. ಸರಿಯಾಗಿ ಒತ್ತಿದರೂ ಎಷ್ಟೋ ಜನ ಉಳಿಯುವುದಿಲ್ಲ. ಮೇಲುಸಿರನ್ನು ನೋಡಿ ಉಸಿರಿದೆ ಅಂದುಕೊಳ್ಳುವುದು ಸಹಜ, ತರಬೇತಿ ಆದವರೂ ಮೋಸ ಹೋಗುತ್ತಾರೆ. ಅದರ ಹೊರೆ ನೀವು ಹೊರಬೇಡಿ. ಮನೆಯಲ್ಲಿ ಉಳಿದವರೆಲ್ಲ ಒಟ್ಟಿಗೆ ತರಬೇತಿಗೆ ಹೋಗಿ ಗೊಂಬೆಯ ಮೇಲೆ ಒತ್ತಿ ಕಲಿಯಿರಿ. ಒಬ್ಬರೇ ಒತ್ತಿದರೆ ಬೇಗ ಸುಸ್ತಾಗುತ್ತದೆ, 2 ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು. ಅದಕ್ಕೇ ಮನೆಯಲ್ಲಿ ಒಬ್ಬರಿಗೆ ಗೊತ್ತಿದ್ದರೆ ಸಾಲದು.

ಶಿಕ್ಷಕ: ಎಲ್ಲಿಯವರೆಗೆ ಒತ್ತುತ್ತಾ ಇರಬೇಕು?

ಡಾಕ್ಟರ್: ಅವರು ಕಣ್ಣು ಬಿಟ್ಟು ಸರಿಯಾಗಿ ಉಸಿರಾಡುವ ತನಕ, ಇಲ್ಲವೇ ಆಂಬುಲೆನ್ಸ್‌ನವರು ಬಂದು ವಹಿಸಿಕೊಳ್ಳುವ ತನಕ. ಎಇಡಿ ದೂರ ಸರಿಯಿರಿ ಅಂದಾಗ ಮಾತ್ರ ಕೈ ತೆಗೆಯಿರಿ.

ಅಡ್ಮಿನ್: ಕೆಮ್ಮಿನ ಫಾರ್ವರ್ಡ್ ತೆಗೆದಿದ್ದೇನೆ.

ಹಿರಿಯ ಸದಸ್ಯ: ಒಳ್ಳೇದಾಗಲಿ ಅಂತ ಹಾಕಿದ್ದು. ಇಲ್ಲಿ ಹಿರಿಯರಿಗೆ ಮರ್ಯಾದೆಯೇ ಇಲ್ಲ.

ಡಾಕ್ಟರ್: ಮರ್ಯಾದೆ ಇದೆ ಸರ್. ಆದರೆ ಆ ಮೆಸೇಜ್ ಇನ್ನೆಲ್ಲಿಗೆ ಕಳಿಸಿದ್ದೀರೋ, ಅಲ್ಲೆಲ್ಲ ಇವತ್ತೇ ಅಳಿಸಿ. ನನಗೆ ಕೇಸ್ ಬಂತು, ಹೊರಟೆ.

ಅಂಗಡಿಯವರು: ಮೇಲೆ ಅಂದ್ರೆ ಎಲ್ಲಿ?