ವಿಷಯ: ಹವಾಯಿಯ ‘ಕಪ’ – ತೊಗಟೆ ಬಟ್ಟೆಯೋ, ನಾರುಬಟ್ಟೆಯೋ?

> ಹವಾಯಿಯ ‘ಕಪ’ದ ಫೋಟೋಗೆ ಅಡಿಬರಹ ಬೇಕು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ‘ಅಲಂಕೃತ ತೊಗಟೆ ವಸ್ತ್ರ’ ನಡೆಯುತ್ತದಾ?

ನಡೆಯಲ್ಲ. ತೊಗಟೆ ಅಂದರೆ ನಮಗೆ ಮರದ ಒರಟು ಸಿಪ್ಪೆ. ಅಲ್ಲಿ ಅದನ್ನು ಕೆರೆದು ಎಸೆಯುತ್ತಾರೆ. ಬಟ್ಟೆಯಾಗುವುದು ಒಳಗಿನ ನಾರು. ಗಿಡದ ಹೆಸರು ವೌಕೆ, ನಮ್ಮ ಹಿಪ್ಪುನೇರಳೆಯ ನಂಟ. ಆ ನಾರನ್ನು ನೆನೆಹಾಕಿ, ಮೊದಲು ಕಲ್ಲಿನ ಮೇಲೆ, ಆಮೇಲೆ ಮರದ ದಿಮ್ಮಿಯ ಮೇಲೆ ಬಡಿದು ಬಡಿದು ಅಗಲ ಮಾಡುತ್ತಾರೆ. ಹಾಸೂ ಇಲ್ಲ, ಹೊಕ್ಕೂ ಇಲ್ಲ. ‘ನೇಯ್ದ’ ಅಂತ ಮಾತ್ರ ಬರೆಯಬೇಡಿ.

‘ನಾರುಮಡಿ’ ಸೂಚಿಸಿದವರಿಗೆ: ಪದ ಚೆಂದ, ಜಾಗ ಇದಲ್ಲ. ನಾರುಮಡಿ ಅಂದಕೂಡಲೇ ಕಾಡಿಗೆ ಹೊರಟ ರಾಮ ಕಣ್ಣ ಮುಂದೆ ಬರುತ್ತಾನೆ. ಎಲ್ಲ ಬಿಟ್ಟವರ ಉಡುಗೆ ಅದು. ಕಪ ನೋಡಿ. ಕೊನೆಗೆ ಬಡಿಯುವ ಕೊಡತಿಗೆ ನಾಲ್ಕು ಮುಖ, ಅದರಲ್ಲಿ ಸಣ್ಣ ಸಣ್ಣ ಕೆತ್ತನೆ. ಆ ಗೆರೆಗಳು ಬಟ್ಟೆಯೊಳಗೇ ಉಳಿಯುತ್ತವೆ. ಬೆಳಕಿಗೆ ಹಿಡಿದರೆ ನೋಟಿನೊಳಗಿನ ಗಾಂಧಿಯ ಹಾಗೆ ಕಾಣುತ್ತವೆ. ಅದರ ಮೇಲೆ ಬಿದಿರಿನ ಸೀಳಿನಲ್ಲಿ ಕೆತ್ತಿದ ಅಚ್ಚನ್ನು ಬಣ್ಣಕ್ಕೆ ಅದ್ದಿ, ಸಾಲು ಸಾಲಾಗಿ ಒತ್ತುತ್ತಾರೆ. ಹಳದಿಗೆ ಅರಿಸಿನ ಹಾಕುವುದೂ ಉಂಟು. ಇಷ್ಟು ಸಿಂಗಾರಕ್ಕೆ ವೈರಾಗ್ಯದ ಹೆಸರೇ?

‘ಕಪ’ ನಮ್ಮ ‘ಕಪ್ಪಡ’ದಿಂದ ಹೋದದ್ದು ಎಂಬ ವಾದವನ್ನು ದಯವಿಟ್ಟು ಬಿಡಿ. ಕಪ್ಪಡದ ಮೂಲ ಸಂಸ್ಕೃತದ ಕರ್ಪಟ. ಪಾಲಿನೇಷ್ಯಾದ (ಹವಾಯಿಯೂ ಸೇರಿದ ಪೆಸಿಫಿಕ್ ದ್ವೀಪಗಳು) ಬೇರೆ ನುಡಿಗಳ ತಕಾರ ಹವಾಯಿಯಲ್ಲಿ ಕಕಾರವಾಗುತ್ತದೆ: ತಪು–ಕಪು (ನಿಷಿದ್ಧ), ತಪ–ಕಪ (ಈ ಬಟ್ಟೆ). ಎರಡಕ್ಷರ ಕೂಡಿದ ಮಾತ್ರಕ್ಕೆ ಬೀಗತನ ಆಗಲ್ಲ.

ಇನ್ನು ‘ಎರವಲು ಯಾಕೆ, ಅಚ್ಚಗನ್ನಡ ಸಾಕು’ ಅನ್ನುವವರಿಗೆ. ಕಸೂತಿಯನ್ನು ಹೊರಗಿನವರೂ ಕಸೂತಿ ಅಂತಲೇ ಕರೆಯಲಿ ಅನ್ನುತ್ತೇವೆ, ಅಲ್ವಾ? ಕಪದ ಕಲೆ 19ನೇ ಶತಮಾನದಲ್ಲಿ ಹೊರಗಿನ ಹತ್ತಿಬಟ್ಟೆ ಬಂದ ಮೇಲೆ ಹೆಚ್ಚುಕಡಿಮೆ ನಿಂತೇ ಹೋಗಿತ್ತು. 1970ರ ದಶಕದಲ್ಲಿ ಹವಾಯಿಯವರು ಮ್ಯೂಸಿಯಂಗಳಲ್ಲಿ ಉಳಿದ ಹಳೆಯ ಬಟ್ಟೆಗಳನ್ನು ನೋಡಿ ನೋಡಿ ಮತ್ತೆ ಕೈಗೆ ತಂದುಕೊಂಡರು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದರ ಹೆಸರನ್ನು ನಾವು ಅಳಿಸುವುದು ಬೇಡ.

ಬರೀ ‘ಕಪ’ ಅಂದರೆ ಕಫ ಎಂದು ಓದುವವರು ಇದ್ದಾರೆ, ನಿಜ. ಅದಕ್ಕೆ ಹೀಗೆ ಹಾಕಿ:

‘ಕಪ: ಹವಾಯಿಯ ಅಚ್ಚೊತ್ತಿದ ನಾರುಬಟ್ಟೆ’

‘ಕಾಪಾ’ ಅಂತ ಎಳೆಯಬೇಡಿ. ಎರಡೂ ಹ್ರಸ್ವ.