ರೆಕಾರ್ಡಿಂಗ್ ಅರ್ಧಕ್ಕೇ ನಿಲ್ತಿದೆ, ಯಾವ ಡಿಟಿಎಚ್‌ಗೆ ಬದಲಾಯಿಸಲಿ?

ಮೂಡಿಗೆರೆ_ತೋಟ:
ಸಾಕಾಗಿ ಹೋಗಿದೆ. ಅಮ್ಮ ಏಳೂವರೆ ಧಾರಾವಾಹಿ ರೆಕಾರ್ಡಿಗೆ ಹಾಕಿ, ಅಡುಗೆ ಮುಗಿಸಿ ಒಂಬತ್ತಕ್ಕೆ ಕೂತರೆ ಹತ್ತು ನಿಮಿಷ ಇರುತ್ತೆ, ಆಮೇಲೆ ಬರೀ ಕಪ್ಪು. ಕೆಲವು ದಿನ ಪೂರ್ತಿ ಬರುತ್ತೆ, ಕೆಲವು ದಿನ ಏನೂ ಇಲ್ಲ. ಅದೇ ಚಾನೆಲ್ ನೇರ ನೋಡಿದ್ರೆ ಚೊಕ್ಕವಾಗಿ ಬರುತ್ತೆ. ಕಸ್ಟಮರ್ ಕೇರ್‌ನವರು ಮೂರು ಸಲವೂ ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಅಂದ್ರು. ಈ ಕಂಪನಿ ಬಿಟ್ಟೇ ಬಿಡೋಣ ಅಂತ. ರೆಕಾರ್ಡಿಂಗ್‌ಗೆ ಯಾವುದು ಒಳ್ಳೇದು, ಟಾಟಾ ಪ್ಲೇನಾ, ಏರ್‌ಟೆಲ್ಲಾ?

ಕೊಟ್ಟಿಗೆಹಾರ_ಛತ್ರಿ:
ಮಳೆ ಮಾರಾಯ್ರೇ, ಇನ್ನೇನು. ಡಿಟಿಎಚ್ ಬರೋ ಕು ಬ್ಯಾಂಡ್ (ಹೆಚ್ಚು ಫ್ರೀಕ್ವೆನ್ಸಿಯ ಅಲೆ) ಸಿಗ್ನಲ್ ದಪ್ಪ ಮಳೆಯಲ್ಲಿ ನಿಲ್ಲಲ್ಲ. ಇಲ್ಲಾಂದ್ರೆ ಸಿಲ್ವರ್ ಮರ ಅಡ್ಡ ಬಂದಿರುತ್ತೆ. ಮರಗಸಿ (ತೋಟದ ನೆರಳು ಮರದ ಕೊಂಬೆ ಕಡಿಸೋದು) ಮಾಡಿಸಿ ಎಷ್ಟು ದಿನ ಆಯ್ತು?

ಮೂಡಿಗೆರೆ_ತೋಟ:
ಮರಗಸಿ ಮೇ ತಿಂಗಳಲ್ಲೇ ಆಗಿದೆ. ಮಳೆ ಇಲ್ಲದ ದಿನವೂ ಹೀಗೇ.

ಕೊಟ್ಟಿಗೆಹಾರ_ಛತ್ರಿ:
ಆದ್ರೂ ಮರ ನೋಡಿ. ಕಂಪನಿ ಬದಲಾಯಿಸೋ ಮುಂಚೆ ಇದು ಗೊತ್ತಿರಲಿ: ಟಾಟಾ ಪ್ಲೇ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ನಮ್ಮ ಕಡೆಯಿಂದ ನೋಡಿದ್ರೆ ಸುಮಾರು 72 ಡಿಗ್ರಿ ಎತ್ತರ, ಹತ್ತಿರ ಹತ್ತಿರ ನೆತ್ತಿ ಮೇಲೆ. ಏರ್‌ಟೆಲ್ 108.2ರಲ್ಲಿ, ಎತ್ತರ 50 ಡಿಗ್ರಿ ಅಷ್ಟೆ. ಪೂರ್ವಕ್ಕೆ ಗುಡ್ಡವೋ ದೊಡ್ಡ ಮರವೋ ಇದ್ರೆ ಎರಡನೇದಕ್ಕೆ ಜಾಗ ಹುಡುಕೋದು ಕಷ್ಟ.

ಸಕಲೇಶಪುರ_ಸಿಬ್ಯಾಂಡ್:
ಇದಕ್ಕೇ ನಾನು ಸಿ ಬ್ಯಾಂಡ್ (ಮಳೆಗೆ ಅಷ್ಟು ಬಗ್ಗದ ಕಡಿಮೆ ಫ್ರೀಕ್ವೆನ್ಸಿ, ದೊಡ್ಡ ಡಿಶ್ ಬೇಕು) ಬಿಡಲಿಲ್ಲ. ಎಂಟು ಅಡಿ ಜಾಲರಿ ಡಿಶ್, ಕಾಂಕ್ರೀಟ್ ಕಟ್ಟೆ ಮೇಲೆ. ಈ ಜುಲೈನಲ್ಲಿ ಒಂದು ದಿನವೂ ಚಿತ್ರ ಒಡೆದಿಲ್ಲ. ಪಕ್ಕದಲ್ಲೇ ದೂರದರ್ಶನದ ಉಚಿತ ಸೇವೆ ಫ್ರೀ ಡಿಶ್‌ಗೆ ಇನ್ನೊಂದು ಚಿಕ್ಕದು, 93.5 ಡಿಗ್ರಿಗೆ ತಿರುಗಿಸಿದ್ದೀನಿ.

ಹಾಸನ_ರಿಸೀವರ್:
ಆ 93.5ರ ಜಿಸ್ಯಾಟ್-15 ಉಪಗ್ರಹ ನೋಡ್ಕೊಳ್ಳೋದು ನಮ್ಮೂರಿನವರೇ. 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದಿಂದ ಹಾರಿದ ಮೇಲೆ ಹಿಡಿತಕ್ಕೆ ತಗೊಂಡಿದ್ದು ಹಾಸನದ ಎಂಸಿಎಫ್, ಅಂದ್ರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ.

ಕೊಟ್ಟಿಗೆಹಾರ_ಛತ್ರಿ:
ಅದು ಸರಿ, ಆದ್ರೆ ಎಂಸಿಎಫ್‌ನವರು ಇವರ ಡಿಶ್ ತಿರುಗಿಸಿ ಕೊಡಲ್ಲವಲ್ಲ. ವಿಷಯಕ್ಕೆ ಬನ್ನಿ. ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯೋ ತಲೆ) ಮುಚ್ಚಳದೊಳಗೆ ನೀರು ಹೋಗಿದೆಯಾ ನೋಡಿ.

ಹಾಸನ_ರಿಸೀವರ್:
ನೀರು ಹೋಗಿದ್ರೆ ನೇರ ನೋಡುವಾಗಲೂ ಒಡೀಬೇಕಿತ್ತು. ನನಗೆ ಹಾರ್ಡ್ ಡಿಸ್ಕ್ ಮೇಲೆ ಅನುಮಾನ. ಯುಎಸ್‌ಬಿ 2.0 ಕಿಂಡಿ ಕೊಡೋದು 500 ಮಿಲಿಆಂಪ್, ಡಿಸ್ಕ್ ತಿರುಗೋಕೆ ಶುರುವಾಗುವಾಗ ಅದಕ್ಕಿಂತ ಜಾಸ್ತಿ ಎಳೆಯುತ್ತೆ. ಡಿಸ್ಕ್ ಹೊರಗಿಂದ ಸಿಕ್ಕಿಸಿದ್ದಾ, ಬಾಕ್ಸಿನೊಳಗೇ ಇದೆಯಾ?

ಮೂಡಿಗೆರೆ_ತೋಟ:
ಒಳಗೇ ಇದೆ. ಎರಡು ಟ್ಯೂನರ್ (ಚಾನೆಲ್ ಹಿಡಿಯೋ ಭಾಗ) ಇರೋ ಬಾಕ್ಸ್, ಒಂದು ನೋಡ್ತಾ ಇನ್ನೊಂದು ರೆಕಾರ್ಡ್ ಮಾಡೋದು.

ಬೇಲೂರು_ವೈರಿಂಗ್:
ಇದನ್ನ ಮೊದಲೇ ಹೇಳಬೇಕಿತ್ತು ಸರ್. ಡಿಶ್‌ನಿಂದ ಬಾಕ್ಸಿಗೆ ಎಷ್ಟು ಕೇಬಲ್ ಬಂದಿದೆ? ರೆಕಾರ್ಡ್ ಕೆಟ್ಟ ದಿನ ಟಿವಿಯಲ್ಲಿ ಯಾವ ಚಾನೆಲ್ ಓಡ್ತಿತ್ತು?

ಮೂಡಿಗೆರೆ_ತೋಟ:
ಮೊದಲು ಎರಡಿತ್ತು. ಮಾರ್ಚ್‌ನಲ್ಲಿ ಮಂಗ ಹಂಚಿನ ಮೇಲೆ ಹಾರಿ ಒಂದನ್ನ ಕಿತ್ತುಹಾಕ್ತು. ರಿಪೇರಿಗೆ ಬಂದ ಹುಡುಗ ಒಂದೇ ಕೇಬಲ್ ಎಳೆದು, ಟಿವಿ ಹಿಂದೆ ಚಿಕ್ಕ ಬೆಳ್ಳಿ ಬಣ್ಣದ ಡಬ್ಬಿ ಹಾಕಿ ಎರಡು ಮಾಡಿಕೊಟ್ಟ. ಈಗ ಟಾರ್ಚ್ ಹಿಡಿದು ನೋಡಿದೆ, ಮೂರು ಕನೆಕ್ಟರ್, ಮೇಲೆ 5-2400 ಮೆಗಾಹರ್ಟ್ಸ್ ಅಂತಿದೆ. ಏಳೂವರೆಗೆ ಅಪ್ಪ ನ್ಯೂಸ್ ನೋಡ್ತಾರೆ, ಚಾನೆಲ್ ಬದಲಾಯಿಸ್ತಾನೇ ಇರ್ತಾರೆ.

ಬೇಲೂರು_ವೈರಿಂಗ್:
ಸಿಕ್ತು. ಎಲ್‌ಎನ್‌ಬಿಗೆ ಬಾಕ್ಸ್ ಮಾತಾಡೋದು ವೋಲ್ಟೇಜ್‌ನಲ್ಲಿ. 13 ವೋಲ್ಟ್ ಕಳಿಸಿದ್ರೆ ಲಂಬ ಧ್ರುವೀಕರಣದ (ಅಲೆ ನೆಟ್ಟಗೆ ಕಂಪಿಸೋ) ಚಾನೆಲ್‌ಗಳು, 18 ಕಳಿಸಿದ್ರೆ ಅಡ್ಡದವು. ಒಂದೇ ಕೇಬಲ್‌ನಲ್ಲಿ ಒಂದು ಟ್ಯೂನರ್ 13, ಇನ್ನೊಂದು 18 ಕೇಳಿದ್ರೆ 18 ಗೆಲ್ಲುತ್ತೆ. ಅಪ್ಪ ಅಡ್ಡದ ಚಾನೆಲ್‌ಗೆ ಹೋದ ಕ್ಷಣವೇ ಲಂಬದಲ್ಲಿರೋ ಅಮ್ಮನ ಧಾರಾವಾಹಿಗೆ ಸಿಗ್ನಲ್ ಇಲ್ಲ. ಕಂಪನಿ ಬದಲಾಯಿಸಿದ್ರೂ ಆ ಡಬ್ಬಿ ಉಳಿದ್ರೆ ಇದೇ ಕಥೆ.

ಮೂಡಿಗೆರೆ_ತೋಟ:
ಅಯ್ಯೋ, ಇದಾ! ಬೇರೆ ಚಾನೆಲ್‌ನ ಸಿನಿಮಾ ರೆಕಾರ್ಡಿಗೆ ಹಾಕಿದಾಗ ಅಮ್ಮನ ಚಾನೆಲ್ ತೆರೀತಿರಲಿಲ್ಲ. ಪ್ಯಾಕ್ ಮುಗಿದಿದೆ ಅಂದ್ಕೊಂಡು ರೀಚಾರ್ಜ್ ಬೇರೆ ಮಾಡಿಸಿದ್ದೆ.

ಕೊಟ್ಟಿಗೆಹಾರ_ಛತ್ರಿ:
ಮರ ಒಂದ್ಸಲ ನೋಡೋದ್ರಲ್ಲಿ ತಪ್ಪೇನಿಲ್ಲ.

ಬೇಲೂರು_ವೈರಿಂಗ್:
ಎಲ್‌ಎನ್‌ಬಿಗೆ ಎರಡು ಬಾಯಿ ಇರಬೇಕು, ನಿಮ್ಮದು ಹಳೇದೇ ಆದ್ರೆ ಇರುತ್ತೆ. ಇನ್ನೊಂದು ಆರ್‌ಜಿ-6 ಕೇಬಲ್ ನೇರ ಎಳೀರಿ, ಮಧ್ಯೆ ಎಲ್ಲೂ ಗಂಟು ಹಾಕಬೇಡಿ. ಮಂಗನ ಕಾಟಕ್ಕೆ ಪಿವಿಸಿ ಪೈಪಿನೊಳಗೆ ತೂರಿಸಿ.

ಮೂಡಿಗೆರೆ_ತೋಟ:
ಹತ್ತಿ ನೋಡಿದೆ, ಎರಡು ಬಾಯಿ ಇದೆ, ಒಂದು ಖಾಲಿ, ಒಳಗೆ ಜೇಡ ಗೂಡು ಕಟ್ಟಿದೆ. ಶನಿವಾರ ಸಂತೆಗೆ ಹೋದಾಗ 30 ಮೀಟರ್ ಕೇಬಲ್ ತರ್ತೀನಿ. ಅಲ್ಲಿವರೆಗೆ ಏಳೂವರೆಯಿಂದ ಎಂಟರವರೆಗೆ ಚಾನೆಲ್ ಬದಲಾಯಿಸಬೇಡಿ ಅಂತ ಅಪ್ಪನಿಗೆ ಹೇಳಿದ್ದೀನಿ.

ಸಕಲೇಶಪುರ_ಸಿಬ್ಯಾಂಡ್:
ಹಳೇ ಕೇಬಲ್ ಬಿಸಾಡಬೇಡಿ, ನನಗೆ ಮೂರನೇ ಡಿಶ್‌ಗೆ ಬೇಕು.